ಲಂಡನ್ನಿನ ಸೇತುವೆಗಳನ್ನು ನಡೆದೇ ನೋಡುವುದು ಹೇಗೆ

ಲಂಡನ್ನಿಗೆ ಬರುವ ನೆಂಟರು ನನ್ನನ್ನು ಮೊದಲು ಕೇಳುವುದು ಯಾವ ಯಾವ ಟಿಕೆಟ್ಟುಗಳನ್ನು ಮುಂಗಡವಾಗಿ ಕೊಂಡಿಡಬೇಕು ಎಂದು. ನಾನು ಅವರಿಗೆ ಮೊದಲು ಕಳಿಸುವುದು ಥೇಮ್ಸ್ ನದಿಯ ಉಬ್ಬರವಿಳಿತದ ವೇಳಾಪಟ್ಟಿ. ಈ ಊರಿನ ಅತಿ ಒಳ್ಳೆಯ ನೋಟಗಳು ಸಿಗುವುದು ಸೇತುವೆಗಳ ನಟ್ಟನಡುವೆ. ಅಲ್ಲಿ ನಿಲ್ಲುವುದಕ್ಕೆ ಟಿಕೆಟ್ ಬೇಡ, ಸರದಿ ಸಾಲೂ ಇಲ್ಲ. ಯಾವ ಸೇತುವೆಯ ಮೇಲೆ ಯಾವ ಹೊತ್ತಿನಲ್ಲಿ ನಿಲ್ಲಬೇಕು ಎಂಬ ಲೆಕ್ಕ ಮಾತ್ರ ಗೊತ್ತಿರಬೇಕು. ಲ್ಯಾಂಬೆತ್ ಸೇತುವೆಯಿಂದ ಟವರ್ ಬ್ರಿಡ್ಜ್‌ವರೆಗೆ ನಡೆದು ದಾಟಬಹುದಾದ ಸೇತುವೆಗಳು ಒಂಬತ್ತು. ನದಿಯ ಗುಂಟ ದೂರ ಸುಮಾರು 5 ಕಿಲೋಮೀಟರ್. ಆಚೆ ದಡ ಈಚೆ ದಡ ಎಂದು ದಾಟುತ್ತ ಹೋದರೆ ಇನ್ನೂ ಎರಡು ಮೂರು ಕಿಲೋಮೀಟರ್ ಸೇರುತ್ತದೆ. ಬೆಳಿಗ್ಗೆ ಹೊರಟು, ಕಂಡಕಂಡಲ್ಲಿ ಕೂತು, ಸಂಜೆಗೆ ಮುಗಿಸುವ ನಡಿಗೆ ಇದು.

ಹೊಳೆ ಹರಿಯುವ ದಿಕ್ಕಿನಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ನಡೆಯಿರಿ. ಇದಕ್ಕೆ ಕಾರಣ ಬಿಸಿಲು. ಸಂಸತ್ ಭವನದ ನದಿಯ ಕಡೆಯ ಮುಖ ಪೂರ್ವಕ್ಕಿದೆ. ಬೆಳಿಗ್ಗೆ ಎದುರು ದಡದಲ್ಲಿ ನಿಂತರೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ, ಕಟ್ಟಡದ ಕಲ್ಲು ಜೇನುಬಣ್ಣಕ್ಕೆ ತಿರುಗುತ್ತದೆ. ಮಧ್ಯಾಹ್ನದ ಮೇಲೆ ಅದೇ ಜಾಗದಲ್ಲಿ ಬರೀ ಕಪ್ಪು ಆಕೃತಿ ಕಾಣುತ್ತದೆ. ಟವರ್ ಬ್ರಿಡ್ಜ್‌ನದು ಇದಕ್ಕೆ ತದ್ವಿರುದ್ಧ: ಇಳಿಹೊತ್ತಿನ ಪಡುವಣ ಬಿಸಿಲು ಬಿದ್ದಾಗಲೇ ಅದು ಚೆಂದ. ಹೀಗೆ ನಡೆದರೆ ದಿನವಿಡೀ ಬೆಳಕು ನಿಮ್ಮ ಪರವಾಗಿರುತ್ತದೆ. ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತು ದಾಟಿದ ಮೇಲೆ ಹೊತ್ತು ಮುಳುಗುವುದರಿಂದ ಅವಸರವಿಲ್ಲ. ಡಿಸೆಂಬರ್‌ನಲ್ಲಿ ನಾಲ್ಕು ಗಂಟೆಗೆ ಮೊದಲೇ ಸೂರ್ಯ ಮುಳುಗುತ್ತಾನೆ. ಆಗ ಎಂಟೂವರೆಗೆ ಹೊರಟುಬಿಡಬೇಕು.

ಇನ್ನು ಉಬ್ಬರವಿಳಿತ. ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ನಮ್ಮ ತುಂಗಭದ್ರೆ ಮಳೆಗಾಲದಲ್ಲಿ ಏರಿದರೆ ಬೇಸಿಗೆಯಲ್ಲಿ ಇಳಿಯುತ್ತಾಳೆ. ಥೇಮ್ಸ್ ಅಷ್ಟೂ ಏರಿಳಿತವನ್ನು ದಿನಕ್ಕೆ ಎರಡು ಸಲ ಮಾಡಿ ಮುಗಿಸುತ್ತದೆ. ಸಮುದ್ರದ ನೀರು ನಗರವನ್ನು ದಾಟಿ ಟೆಡಿಂಗ್ಟನ್‌ವರೆಗೂ ಒತ್ತಿಕೊಂಡು ಬರುತ್ತದೆ. ಲಂಡನ್ ಬ್ರಿಡ್ಜ್ ಬಳಿ ದೊಡ್ಡ ಉಬ್ಬರದ ದಿನಗಳಲ್ಲಿ ನೀರಿನ ಮಟ್ಟದ ವ್ಯತ್ಯಾಸ 7 ಮೀಟರ್‌ವರೆಗೂ ಇರುತ್ತದೆ, ಅಂದರೆ ಎರಡಂತಸ್ತಿನ ಮನೆಯಷ್ಟು. ಈ ಹೊಳೆಯ ಉಸ್ತುವಾರಿ ನೋಡುವ ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಜಾಲತಾಣದಲ್ಲಿ ಪ್ರತಿದಿನದ ಸಮಯ ಉಚಿತವಾಗಿ ಸಿಗುತ್ತದೆ. ಮಧ್ಯಾಹ್ನ ಒಂದರಿಂದ ಮೂರರ ನಡುವೆ ನೀರು ಪೂರ್ತಿ ಇಳಿದಿರುವ ದಿನವನ್ನು ಆರಿಸಿಕೊಳ್ಳಿ. ಆ ಹೊತ್ತಿಗೆ ನೀವು ನಡಿಗೆಯ ನಡುಭಾಗದಲ್ಲಿರುತ್ತೀರಿ, ನದಿಯ ತಳ ಬಯಲಾಗಿರುತ್ತದೆ, ಕೆಳಗಿಳಿದು ನಡೆಯಬಹುದು. ಇಳಿತದ ಹೊತ್ತು ದಿನಕ್ಕೆ ಮುಕ್ಕಾಲು ಗಂಟೆಗಿಂತ ತುಸು ಹೆಚ್ಚು ಮುಂದಕ್ಕೆ ಸರಿಯುತ್ತದೆ. ಹಾಗಾಗಿ ಎರಡು ವಾರ ಇಲ್ಲಿ ತಂಗುವವರಿಗೆ ಒಂದೆರಡು ದಿನವಾದರೂ ಹೊಂದಿಯೇ ಹೊಂದುತ್ತದೆ.

ಕನ್ನಡಿಗರು ಎಲ್ಲಿಂದ ಹೊರಡಬೇಕು ಎಂಬ ಬಗ್ಗೆ ನನಗೆ ಎರಡನೇ ಮಾತಿಲ್ಲ. ಲ್ಯಾಂಬೆತ್ ಸೇತುವೆಯ ಸಮೀಪ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಪುಟ್ಟ ಉದ್ಯಾನದಲ್ಲಿ ಬಸವಣ್ಣನವರ ಪುತ್ಥಳಿ ಇದೆ. ಕಲಬುರಗಿ ಮೂಲದವರಾದ, ಲ್ಯಾಂಬೆತ್‌ನ ಮೇಯರ್ ಆಗಿದ್ದ ನೀರಜ್ ಪಾಟೀಲರ ಪ್ರಯತ್ನದಿಂದ ನಿಂತ ಈ ಪುತ್ಥಳಿಯನ್ನು 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣಗೊಳಿಸಿದರು. ವಾಕ್ಸಾಲ್ ನಿಲ್ದಾಣದಲ್ಲಿ ಇಳಿದು ನದಿಯನ್ನು ಎಡಕ್ಕಿಟ್ಟುಕೊಂಡು ನಡೆದರೆ ಸಿಗುತ್ತದೆ. ಅನುಭವ ಮಂಟಪ ಕಟ್ಟಿದವರ ಮುಂದೆ ನಿಂತು ಹೊಳೆಯಾಚೆಗೆ ಕಣ್ಣು ಹಾಯಿಸಿದರೆ ಬ್ರಿಟನ್ನಿನ ಸಂಸತ್ತಿನ ಗೋಪುರಗಳು ಕಾಣುತ್ತವೆ. ಹೂವು ತಂದಿದ್ದರೆ ಇಡಿ. ಬೆಳಗಿನ ಹೊತ್ತು ಅಲ್ಲಿ ಓಡುವವರು, ಸೈಕಲ್ಲಿನವರು ಬಿಟ್ಟರೆ ಯಾರೂ ಇರುವುದಿಲ್ಲ.

ಲ್ಯಾಂಬೆತ್ ಸೇತುವೆಗೆ (1932) ಕೆಂಪು ಬಣ್ಣ, ಮುಂದೆ ಸಿಗುವ ವೆಸ್ಟ್‌ಮಿನ್‌ಸ್ಟರ್ ಸೇತುವೆಗೆ (1862) ಹಸಿರು. ಸಂಸತ್ತಿನ ಮೇಲ್ಮನೆಯ ಆಸನಗಳು ಕೆಂಪು, ಕೆಳಮನೆಯವು ಹಸಿರು. ಯಾವ ಮನೆ ಯಾವ ಸೇತುವೆಯ ಕಡೆಗಿದೆಯೋ ಆ ಬಣ್ಣ. ಇದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ, ಉಳಿದ ಸೇತುವೆಗಳ ಬಣ್ಣವನ್ನೂ ಅವರೇ ಗಮನಿಸತೊಡಗುತ್ತಾರೆ. ಲ್ಯಾಂಬೆತ್ ಸೇತುವೆಯ ನಡುವಿನವರೆಗೆ ಹೋಗಿ ನೋಡಿ, ಇದೇ ದಡಕ್ಕೆ ಮರಳಿ, ಇಟ್ಟಿಗೆಯ ಲ್ಯಾಂಬೆತ್ ಅರಮನೆಯ ಮುಂದಿನಿಂದ ಕೆಳದಂಡೆಯ ಕಾಲುದಾರಿ ಹಿಡಿಯಿರಿ.

ಈ ಕಾಲುದಾರಿಯಲ್ಲಿ ಮಾತ್ರ ನಿಧಾನವಾಗಿ ನಡೆಯಬೇಕೆಂದು ನಾನು ಕೈಮುಗಿದು ಕೇಳುತ್ತೇನೆ. ಸೇಂಟ್ ಥಾಮಸ್ ಆಸ್ಪತ್ರೆಯ ಹೊರಗೋಡೆಯ ಮೇಲೆ ಅರ್ಧ ಕಿಲೋಮೀಟರ್ ಉದ್ದಕ್ಕೂ ಕೆಂಪು ಹೃದಯಗಳನ್ನು ಬರೆದಿದ್ದಾರೆ. ಕೋವಿಡ್‌ನಲ್ಲಿ ತೀರಿಕೊಂಡ ಒಬ್ಬೊಬ್ಬರಿಗೂ ಒಂದೊಂದು ಹೃದಯ. 2021ರ ಮಾರ್ಚ್‌ನಲ್ಲಿ ತಮ್ಮವರನ್ನು ಕಳೆದುಕೊಂಡವರೇ ಕುಂಚ ಹಿಡಿದು ಶುರುಮಾಡಿದ್ದು. ದೂರದಿಂದ ಗೋಡೆ ಒಂದೇ ಕೆಂಪಾಗಿ ಕಾಣುತ್ತದೆ. ಹತ್ತಿರ ಹೋದರೆ ಪ್ರತಿ ಹೃದಯದೊಳಗೂ ಬೇರೆ ಬೇರೆ ಕೈಬರಹ: ಒಂದು ಹೆಸರು, ಎರಡು ತಾರೀಖು, ಕೆಲವೆಡೆ ಬರೀ ‘ಅಮ್ಮ’ ಎಂಬರ್ಥದ ಒಂದು ಮಾತು. ಬಿಸಿಲು ಮಳೆಗೆ ಮಾಸಿದವನ್ನು ಸ್ವಯಂಸೇವಕರು ಮತ್ತೆ ಬರೆಯುತ್ತಿರುತ್ತಾರೆ; ಹೊಸ ಬಣ್ಣದ ಹೃದಯದ ಪಕ್ಕದಲ್ಲೇ ಗುಲಾಬಿಗೆ ತಿರುಗಿದ ಹಳೆಯದು ಕಾಣುತ್ತದೆ. ಹೊಳೆಯಾಚೆ ನೇರ ಎದುರಿಗೆ ಸಂಸತ್ತು. ಎಲ್ಲರೂ ಬೆನ್ನು ಹಾಕಿ ನಿಂತು ಬಿಗ್ ಬೆನ್ ಚಿತ್ರ ತೆಗೆಯುವ ಜಾಗವೂ ಇದೇ. ಚಿತ್ರ ತೆಗೆದುಕೊಳ್ಳಿ, ಆಮೇಲೆ ತಿರುಗಿ ನಾಲ್ಕು ಹೆಸರುಗಳನ್ನಾದರೂ ಓದಿ.

ವೆಸ್ಟ್‌ಮಿನ್‌ಸ್ಟರ್ ಸೇತುವೆ ಹತ್ತುವಲ್ಲಿ ಎತ್ತರದ ಪೀಠದ ಮೇಲೆ ಬಿಳಿಯ ಸಿಂಹವೊಂದು ನಿಂತಿದೆ. ನೋಡಲು ಕಲ್ಲಿನದು, ಆದರೆ ಮಾಡಿದ್ದು ಜೇಡಿಮಣ್ಣಿನ ಮಿಶ್ರಣವನ್ನು ಸುಟ್ಟು. ಕೋಡ್ ಶಿಲೆ ಎಂದು ಕರೆಯುವ ಈ ವಸ್ತುವನ್ನು ಇದೇ ದಡದ ಕಾರ್ಖಾನೆಯಲ್ಲಿ ತಯಾರಿಸುತ್ತಿದ್ದರು. 1837ರ ಈ ಸಿಂಹ ಮೊದಲು ಬಿಯರ್ ಕಾರ್ಖಾನೆಯೊಂದರ ನೆತ್ತಿಯ ಮೇಲಿತ್ತು. ಇಷ್ಟು ವರ್ಷದ ಮಳೆ ಹೊಗೆಗೆ ಅದರ ಕೇಸರದ ಒಂದು ಎಳೆಯೂ ಸವೆದಿಲ್ಲ.

ಸೇತುವೆಯ ಮೇಲೆ ಎಚ್ಚರಿಕೆಯಿಂದಿರಿ. ಮೂರು ಬಟ್ಟಲು, ಒಂದು ಚೆಂಡು ಇಟ್ಟುಕೊಂಡು ಜೂಜಾಡಿಸುವ ಗುಂಪುಗಳು ಇಲ್ಲಿ ಆಗಾಗ ಬೀಡುಬಿಡುತ್ತವೆ. ಗೆದ್ದು ಕುಣಿಯುವವರು ಅವರ ಕಡೆಯವರೇ. ನಿಲ್ಲದೆ ಮುಂದೆ ಸಾಗಿ. ಮೊಬೈಲನ್ನು ರಸ್ತೆಯ ಕಡೆಯ ಕೈಯಲ್ಲಿ ಹಿಡಿಯಬೇಡಿ. ಸೈಕಲ್ಲಿನಲ್ಲಿ ಬಂದು ಕಸಿದುಕೊಂಡು ಹೋಗುವವರಿದ್ದಾರೆ. ಚಿತ್ರ ತೆಗೆಯುವಾಗ ಕಟಾಂಜನಕ್ಕೆ ಒರಗಿ ನಿಲ್ಲುವುದು ಕ್ಷೇಮ. ಗಡಿಯಾರದ ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಎಂದು ಹೆಸರು, ಎತ್ತರ 96 ಮೀಟರ್. ಬಿಗ್ ಬೆನ್ ಎಂಬುದು ಒಳಗಿರುವ 13.7 ಟನ್ ತೂಕದ ಗಂಟೆ. ಗಂಟೆ ಹೊಡೆಯುವ ಹೊತ್ತಿಗೆ ಸೇತುವೆಯ ನಡುವೆ ಇರುವಂತೆ ನೋಡಿಕೊಳ್ಳಿ. ಗೋಪುರದ ಬುಡದಲ್ಲಿ ವಾಹನಗಳ ಸದ್ದೇ ಹೆಚ್ಚು.

ಸೇತುವೆ ದಾಟಿ ಬಲಕ್ಕೆ ತಿರುಗಿದರೆ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್. 1858ರ ಬೇಸಿಗೆಯಲ್ಲಿ ಇಡೀ ಊರಿನ ಕೊಳಚೆ ಹೊಳೆಗೇ ಹರಿದು ಸಂಸತ್ತಿನೊಳಗೆ ಕೂರಲಾಗದಷ್ಟು ನಾರಿತು. ಆಗ ಜೋಸೆಫ್ ಬಜಾಲ್ಜೆಟ್ ಎಂಬ ಎಂಜಿನಿಯರ್ ಒಳಚರಂಡಿಗಳ ಜಾಲವನ್ನು ಕಟ್ಟಿದ. ನೀವು ನಡೆಯುವ ಈ ಅಗಲವಾದ ದಂಡೆ 1870ರಲ್ಲಿ ಮುಗಿದ ಅವನ ಕೆಲಸವೇ. ಕಾಲಡಿಯಲ್ಲಿ ದೊಡ್ಡ ಚರಂಡಿಯೂ ಸುರಂಗ ರೈಲೂ ಹೋಗುತ್ತವೆ. ಹಂಗರ್‌ಫರ್ಡ್ ಸೇತುವೆಯ ಸಮೀಪ ಅವನ ಸ್ಮಾರಕವಿದೆ. ಲಂಡನ್ನಿನ ಅದೆಷ್ಟೋ ಸೇನಾಪತಿಗಳ ಪ್ರತಿಮೆಗಳಿಗಿಂತ ನನಗೆ ಈ ಸಣ್ಣ ಸ್ಮಾರಕದ ಬಗ್ಗೆ ಗೌರವ ಹೆಚ್ಚು: ಕಾಲರಾದಿಂದ ಸಾಯುತ್ತಿದ್ದ ಊರನ್ನು ಬದುಕಿಸಿದವನು ಅವನು. ದಂಡೆಯ ಗೋಡೆಗೆ ಬಾಗಿ ಕೆಳಗೆ ನೋಡಿದರೆ ಬಾಯಲ್ಲಿ ಉಂಗುರ ಕಚ್ಚಿಕೊಂಡ ಕಂಚಿನ ಸಿಂಹದ ತಲೆಗಳು ಸಾಲಾಗಿವೆ. ಸಿಂಹಗಳು ನೀರು ಕುಡಿದರೆ ಲಂಡನ್ ಮುಳುಗುತ್ತದೆ ಎಂಬುದು ಇಲ್ಲಿಯವರ ಗಾದೆ. ಈಗ ಹೊಳೆಯ ಕೆಳಹರಿವಿನಲ್ಲಿ, ಸಮುದ್ರದ ನೀರನ್ನು ತಡೆಯುವ ಥೇಮ್ಸ್ ತಡೆಗೋಡೆ ಕಾವಲಿದೆ.

ಮುಂದೆ ಸಿಗುವ ಕ್ಲಿಯೋಪಾತ್ರಳ ಸೂಜಿ ಮೂರು ಸಾವಿರ ವರ್ಷಕ್ಕೂ ಹಳೆಯ ಈಜಿಪ್ಟಿನ ಕಲ್ಲುಕಂಬ. ಅದನ್ನು ತರುವಾಗ ಬಿಸ್ಕೇ ಕೊಲ್ಲಿಯ ಬಿರುಗಾಳಿಗೆ ಸಿಕ್ಕು ಆರು ನಾವಿಕರು ಸತ್ತರು. ಅವರ ಹೆಸರುಗಳು ಪೀಠದ ಮೇಲಿವೆ. ಇಕ್ಕೆಲದಲ್ಲಿರುವ, ಸಿಂಹದ ಮೈ ಮನುಷ್ಯನ ತಲೆಯ ಕಂಚಿನ ಸ್ಫಿಂಕ್ಸ್‌ಗಳಲ್ಲಿ ಒಂದರ ಮೈಮೇಲೆ ತೂತುಗಳಿರುವುದನ್ನು ಗಮನಿಸಿ. ಮೊದಲ ಮಹಾಯುದ್ಧದಲ್ಲಿ, 1917ರ ಸೆಪ್ಟೆಂಬರ್‌ನ ವಾಯುದಾಳಿಯಲ್ಲಿ ಸಿಡಿದ ಬಾಂಬಿನ ಚೂರುಗಳು ಮಾಡಿದ ಗಾಯ. ತೂತಿನ ಅಂಚಿಗೆ ಬೆರಳಿಟ್ಟು ನೋಡಿ.

ಅಲ್ಲಿಂದ ಮೆಟ್ಟಿಲು ಹತ್ತಿ ವಾಟರ್‌ಲೂ ಸೇತುವೆಗೆ ಬನ್ನಿ. ಇಡೀ ದಿನದಲ್ಲಿ ಒಂದೇ ಸೇತುವೆ ನೋಡಲು ಬಿಡುವಿದ್ದರೆ ಇದನ್ನೇ ನೋಡಿ ಎನ್ನುತ್ತೇನೆ. ಸೇತುವೆಯಲ್ಲಿ ಅಲಂಕಾರವಿಲ್ಲ, ಗೋಪುರವಿಲ್ಲ. ಉದ್ದಕ್ಕೆ ಹರಿದ ಬಿಳಿಗೆರೆ ಅಷ್ಟೇ. ಆದರೆ ಹೊಳೆ ಸರಿಯಾಗಿ ಇಲ್ಲಿ ಬಾಗುತ್ತದೆ. ಹಾಗಾಗಿ ನಡುವೆ ನಿಂತು ಒಂದು ಕಡೆ ತಿರುಗಿದರೆ ಸಂಸತ್ತು, ಲಂಡನ್ ಐ ಎಂಬ ದೈತ್ಯ ತಿರುಗುಚಕ್ರ. ಇನ್ನೊಂದು ಕಡೆ ತಿರುಗಿದರೆ ಸೇಂಟ್ ಪಾಲ್ಸ್ ಚರ್ಚಿನ ಗುಮ್ಮಟ, ಅದರ ಹಿಂದೆ ಸಿಟಿ ಎಂದು ಕರೆಯುವ ಹಣಕಾಸು ವಲಯದ ಗಾಜಿನ ಕಟ್ಟಡಗಳು. ಅಧಿಕಾರ ಒಂದು ಬದಿಗೆ, ದೇವರೂ ದುಡ್ಡೂ ಇನ್ನೊಂದು ಬದಿಗೆ. ಎರಡನೇ ಮಹಾಯುದ್ಧದ ನಡುವೆಯೇ ಕಟ್ಟಿ 1945ರಲ್ಲಿ ಪೂರ್ತಿಗೊಂಡ ಸೇತುವೆ ಇದು. ಗಂಡಸರು ಯುದ್ಧಕ್ಕೆ ಹೋಗಿದ್ದರಿಂದ ಕೆಲಸಗಾರರಲ್ಲಿ ಹೆಂಗಸರು ಬಹಳ ಮಂದಿ ಇದ್ದರು. ಉದ್ಘಾಟನೆಯ ಭಾಷಣದಲ್ಲಿ ಅವರ ಮಾತೇ ಬರಲಿಲ್ಲ. ದೋಣಿ ನಡೆಸುವವರು ಮಾತ್ರ ಇದನ್ನು ಹೆಂಗಸರ ಸೇತುವೆ ಎಂದೇ ಕರೆಯುತ್ತ ಬಂದರು. ಇತಿಹಾಸ ಬಲ್ಲವರು ಅದನ್ನು ದಾಖಲಿಸಿದ್ದು ಬಹಳ ತಡವಾಗಿ. ವಿನ್ಯಾಸ ಗೈಲ್ಸ್ ಗಿಲ್ಬರ್ಟ್ ಸ್ಕಾಟ್‌ನದು. ಲಂಡನ್ನಿನ ಕೆಂಪು ಟೆಲಿಫೋನ್ ಗೂಡನ್ನೂ, ಮುಂದೆ ನೀವು ನೋಡಲಿರುವ ಟೇಟ್ ಮಾಡರ್ನ್ ಕಲಾಸಂಗ್ರಹಾಲಯದ ಕಟ್ಟಡವನ್ನೂ ರೂಪಿಸಿದವನು ಅವನೇ.

ದಕ್ಷಿಣ ದಡಕ್ಕೆ ಇಳಿದರೆ ಸೇತುವೆಯ ಕೆಳಗೇ ಹಳೆಯ ಪುಸ್ತಕಗಳ ಸಂತೆ. ಮಳೆ ಬಂದರೂ ನೆನೆಯದೆ ಎಷ್ಟು ಹೊತ್ತು ಬೇಕಾದರೂ ಹುಡುಕಬಹುದು. ಪಕ್ಕದ ನ್ಯಾಷನಲ್ ಥಿಯೇಟರ್‌ನೊಳಗೆ ಶೌಚಾಲಯವಿದೆ, ಕೂರಲು ಜಾಗವಿದೆ, ಟಿಕೆಟ್ ಇಲ್ಲದವರನ್ನು ಯಾರೂ ತಡೆಯುವುದಿಲ್ಲ. ಬುತ್ತಿ ತಂದಿದ್ದರೆ ಹೊರಗಿನ ಬೆಂಚುಗಳಲ್ಲಿ ಬಿಚ್ಚಿ. ಚಪಾತಿ, ಚಟ್ನಿಪುಡಿ, ಮೊಸರು ಇದ್ದರೆ ಸಾಕು. ಹೊಳೆಯ ಗಾಳಿಗೆ ಹಸಿವು ಜೋರಾಗಿರುತ್ತದೆ. ನೀರಿನ ಬಾಟಲಿ ತುಂಬಿಸಿಕೊಳ್ಳಿ. ವಯಸ್ಸಾದವರಿಗೆ ಇಷ್ಟೇ ಸಾಕೆನಿಸಿದರೆ ವಾಟರ್‌ಲೂ ನಿಲ್ದಾಣ ಹತ್ತು ನಿಮಿಷದ ದಾರಿ.

ಗೇಬ್ರಿಯಲ್ಸ್ ವಾರ್ಫ್ ಎಂಬಲ್ಲಿಗೆ ಬರುವ ಹೊತ್ತಿಗೆ ನೀರು ಇಳಿದಿರಬೇಕು. ದಂಡೆಯಿಂದ ಮೆಟ್ಟಿಲುಗಳು ಕೆಳಗಿಳಿಯುತ್ತವೆ. ಮರಳು, ಕೆಸರು, ಕಲ್ಲುಗಳ ನಡುವೆ ಬಿಳಿಯ ಸಣ್ಣ ಕೊಳವೆಗಳು ಸಿಗುತ್ತವೆ. ಅವು ಹಿಂದಿನ ಕಾಲದವರು ಹೊಗೆಸೊಪ್ಪು ಸೇದಿ ಎಸೆದ ಜೇಡಿಮಣ್ಣಿನ ಚುಟ್ಟಾಕೊಳವೆಯ ತುಂಡುಗಳು. ಸಿಂಪಿಗಳಂತೂ ರಾಶಿ ರಾಶಿ. ನೋಡಿ, ಬಾಗಿ ಚಿತ್ರ ತೆಗೆದುಕೊಳ್ಳಿ, ಆದರೆ ಹೆಕ್ಕಿ ಜೇಬಿಗೆ ಹಾಕಬೇಡಿ. ಹುಡುಕುವುದಕ್ಕೂ ಅಗೆಯುವುದಕ್ಕೂ ಪೋರ್ಟ್ ಆಫ್ ಲಂಡನ್ ಅಥಾರಿಟಿಯ ಪರವಾನಗಿ ಬೇಕು. ಇಳಿತದ ಸಮಯ ಕಳೆದ ಮೇಲೆ ಕೆಳಗೆ ಇರಲೇಬೇಡಿ. ನೀರು ಏರುವ ವೇಗ ನಮ್ಮ ಅಂದಾಜಿಗೆ ಸಿಗುವುದಿಲ್ಲ, ಪಾಚಿಗಟ್ಟಿದ ಮೆಟ್ಟಿಲು ಹತ್ತುವುದು ಇಳಿದಷ್ಟು ಸುಲಭವಲ್ಲ. ಮಕ್ಕಳ ಕೈ ಬಿಡಬೇಡಿ.

ಬ್ಲ್ಯಾಕ್‌ಫ್ರೈಯರ್ಸ್ ಸೇತುವೆಯನ್ನು (1869) ಮೇಲಿನಿಂದ ನೋಡಿದವರಿಗೆ ಅದರ ಗುಟ್ಟು ತಿಳಿಯುವುದಿಲ್ಲ, ಬದಿಯಿಂದ ನೋಡಬೇಕು. ಕಂಬಗಳ ತಲೆಯ ಮೇಲೆ ಹಕ್ಕಿಗಳನ್ನು ಕೆತ್ತಿದ್ದಾರೆ. ಸಮುದ್ರದ ಕಡೆಗಿರುವ ಪೂರ್ವದ ಮುಖದಲ್ಲಿ ಕಡಲಹಕ್ಕಿಗಳು, ಪಶ್ಚಿಮದ ಮುಖದಲ್ಲಿ ಸಿಹಿನೀರಿನ ಹಕ್ಕಿಗಳು. ಉಪ್ಪುನೀರು ಬರುವ ದಿಕ್ಕು, ಸಿಹಿನೀರು ಬರುವ ದಿಕ್ಕು ಎರಡನ್ನೂ ಕಲ್ಲಿನಲ್ಲಿ ಬರೆದಿಟ್ಟಂತೆ. ಪಕ್ಕದಲ್ಲಿ ಏನನ್ನೂ ಹೊರದೆ ನೀರಿನಲ್ಲಿ ನಿಂತಿರುವ ಕೆಂಪು ಕಂಬಗಳು 1864ರ ರೈಲುಸೇತುವೆಯವು. ಮೇಲಿನ ಭಾಗವನ್ನು 1985ರಲ್ಲಿ ತೆಗೆದರು.

ಮಿಲೆನಿಯಂ ಕಾಲುಸೇತುವೆಯ ಕತೆ ಹೇಳದೆ ಯಾರನ್ನೂ ನಾನು ದಾಟಿಸುವುದಿಲ್ಲ. 2000ದ ಜೂನ್ 10ರಂದು ತೆರೆದಾಗ ಜನ ಸಾವಿರಗಟ್ಟಲೆ ನುಗ್ಗಿದರು, ಸೇತುವೆ ಅಕ್ಕಪಕ್ಕಕ್ಕೆ ತೂಗತೊಡಗಿತು. ನಾವು ನಡೆಯುವಾಗ ಪ್ರತಿ ಹೆಜ್ಜೆಯೂ ನೆಲವನ್ನು ತುಸು ಪಕ್ಕಕ್ಕೂ ತಳ್ಳುತ್ತದೆ. ನೆಲ ಅಲುಗಿದರೆ ಬೀಳದಿರಲು ಎಲ್ಲರೂ ಆ ಅಲುಗಾಟಕ್ಕೇ ಹೆಜ್ಜೆ ಹೊಂದಿಸಿಕೊಳ್ಳುತ್ತಾರೆ. ಎಲ್ಲರ ತಳ್ಳು ಒಂದಾಗಿ ಅಲುಗಾಟ ಬೆಳೆಯುತ್ತದೆ. ಎರಡೇ ದಿನದಲ್ಲಿ ಮುಚ್ಚಿದರು. ತೂಗಾಟವನ್ನು ಹೀರಿಕೊಳ್ಳುವ ಎಂಬತ್ತಕ್ಕೂ ಹೆಚ್ಚು ಸಾಧನಗಳನ್ನು ಜೋಡಿಸಿ 2002ರ ಫೆಬ್ರುವರಿಯಲ್ಲಿ ಮತ್ತೆ ತೆರೆದರು. ಈಗ ಕಲ್ಲಿನಂತೆ ನಿಲ್ಲುತ್ತದೆ. ದಾಟುವಾಗ ಎಲ್ಲರ ಕಣ್ಣು ಸೇಂಟ್ ಪಾಲ್ಸ್ ಮೇಲೆಯೇ ಇರುತ್ತದೆ. ನೀವು ಒಮ್ಮೆ ಕಾಲಡಿಗೂ ನೋಡಿ. ಲೋಹದ ಪಟ್ಟಿಗಳಿಗೆ ಯಾರೋ ಉಗಿದ ಚೂಯಿಂಗ್ ಗಮ್ ಅಂಟಿಕೊಂಡಿರುತ್ತದೆ. ಅದರ ಮೇಲೆ ಬೆನ್ ವಿಲ್ಸನ್ ಎಂಬ ಕಲಾವಿದ ಉಗುರಿನಷ್ಟಗಲದ ಬಣ್ಣದ ಚಿತ್ರಗಳನ್ನು ಬರೆದಿದ್ದಾನೆ. ಮೊಣಕಾಲೂರಿ ನೋಡಿದರೆ ಒಂದರಲ್ಲಿ ಗುಮ್ಮಟ, ಇನ್ನೊಂದರಲ್ಲಿ ಮುಖ, ಮತ್ತೊಂದರಲ್ಲಿ ಯಾರದೋ ಹೆಸರು. ಚಿತ್ರವಿರುವುದು ಗಮ್‌ನ ಮೇಲೆ ಮಾತ್ರ, ಸೇತುವೆಯ ಲೋಹವನ್ನು ಅವನ ಕುಂಚ ಮುಟ್ಟುವುದಿಲ್ಲ.

ಸೇಂಟ್ ಪಾಲ್ಸ್ ಒಳಗೆ ಹೋಗುವುದಾದರೆ ಅದಕ್ಕೇ ಅರ್ಧ ದಿನ ಮೀಸಲಿಡಿ. ಈ ನಡಿಗೆಯ ದಿನ ಬೇಡ. ಹಳದಿ ಹಸಿರಿನ ಸದರ್ಕ್ ಸೇತುವೆಯ (1921) ಮೇಲೆ ಜನಸಂದಣಿ ಕಡಿಮೆ. ಅದರಿಂದ ದಕ್ಷಿಣಕ್ಕೆ ಮರಳಿ, ಅದರ ಕೆಳಗಿನ ಸುರಂಗದಾರಿಯಲ್ಲಿ ನಿಲ್ಲಿ. ಹೊಳೆ ಹೆಪ್ಪುಗಟ್ಟಿದಾಗ ಮಂಜುಗಡ್ಡೆಯ ಮೇಲೆ ನಡೆಯುತ್ತಿದ್ದ ಜಾತ್ರೆಯನ್ನು ಕಪ್ಪು ಹಲಗೆಕಲ್ಲುಗಳಲ್ಲಿ ಕೊರೆದಿದ್ದಾರೆ. ಅಂಥ ಕೊನೆಯ ಜಾತ್ರೆ 1814ರಲ್ಲಿ ನಡೆಯಿತು. ಹಳೆಯ ಲಂಡನ್ ಬ್ರಿಡ್ಜ್‌ನ ಕಿರಿದಾದ ಕಮಾನುಗಳು ನೀರನ್ನು ಒಡ್ಡಿನಂತೆ ತಡೆಯುತ್ತಿದ್ದವು. ಅದನ್ನು ಕೆಡವಿದ ಮೇಲೆ ನೀರು ವೇಗವಾಗಿ ಹರಿಯತೊಡಗಿತು, ಊರೊಳಗೆ ಹೆಪ್ಪುಗಟ್ಟುವುದು ನಿಂತಿತು. ಸಮೀಪದ ಬರೋ ಮಾರ್ಕೆಟ್‌ನಲ್ಲಿ ಸಸ್ಯಾಹಾರ ಬೇಕಾದಷ್ಟಿದೆ, ಸೋಮವಾರ ರಜೆ.

ಲಂಡನ್ ಬ್ರಿಡ್ಜ್ ಹೆಸರಿಗೆ ದೊಡ್ಡದು, ನೋಟಕ್ಕೆ ಸಪ್ಪೆ. ಗೋಪುರಗಳ ಸೇತುವೆ ಇದೇ ಎಂದುಕೊಂಡು ಬಂದವರು ಪೆಚ್ಚಾಗುತ್ತಾರೆ. ಈಗಿನದು 1973ರದು, ಅದಕ್ಕೂ ಹಿಂದಿನದನ್ನು ಅಮೆರಿಕದ ಉದ್ಯಮಿಯೊಬ್ಬ ಕೊಂಡು ಕಲ್ಲು ಕಲ್ಲಾಗಿ ಅರಿಜೋನಾಕ್ಕೆ ಒಯ್ದ. ಆದರೂ ಇದನ್ನು ಬಿಡಬೇಡಿ. ಉತ್ತರದ ತುದಿಯಲ್ಲಿ ಇಳಿದರೆ ಸೇಂಟ್ ಮ್ಯಾಗ್ನಸ್ ಚರ್ಚ್ ಇದೆ. 1209ರಲ್ಲಿ ಮುಗಿದು ಆರು ಶತಮಾನ ನಿಂತಿದ್ದ ಸೇತುವೆಗೆ ಹೋಗುವ ಕಾಲುದಾರಿ ಈ ಚರ್ಚಿನ ಗೋಪುರದ ಕೆಳಗಿನಿಂದಲೇ ಸಾಗುತ್ತಿತ್ತು. ಆ ಸೇತುವೆಯ ಕಲ್ಲುಗಳು ಅಂಗಳದಲ್ಲಿ ಬಿದ್ದಿವೆ, ಮುಟ್ಟಬಹುದು. ಒಳಗೆ ಅದರ ನಾಲ್ಕು ಮೀಟರ್ ಉದ್ದದ ಮಾದರಿ ಇದೆ: ಸೇತುವೆಯ ಮೇಲೆ ಮನೆಗಳು, ಅಂಗಡಿಗಳು, ಗಾಡಿಗಳು, ನೂರಾರು ಪುಟ್ಟ ಮನುಷ್ಯರು. ವಾರದ ದಿನಗಳಲ್ಲಿ ಹೋದರೆ ಬಾಗಿಲು ತೆರೆದಿರುವ ಸಾಧ್ಯತೆ ಹೆಚ್ಚು. ಕಾಲಿನಲ್ಲಿ ಇನ್ನೂ ಕಸುವಿದ್ದವರು ಪಕ್ಕದ ಮಾನ್ಯುಮೆಂಟ್ ಕಂಬದ 311 ಮೆಟ್ಟಿಲು ಹತ್ತಲಿ. 1666ರ ಮಹಾಬೆಂಕಿಯ ನೆನಪಿಗೆ ನಿಂತದ್ದು.

ಟವರ್ ಬ್ರಿಡ್ಜ್ ನೋಡುವ ಮುನ್ನ ಅದರ ಜಾಲತಾಣದಲ್ಲಿ ಸೇತುವೆ ಏಳುವ ಸಮಯಗಳನ್ನು ನೋಡಿಕೊಂಡಿರಬೇಕು. ವರ್ಷಕ್ಕೆ ಸುಮಾರು 800 ಸಲ ಏಳುತ್ತದೆ. ಬೇಸಿಗೆಯಲ್ಲಿ ಹೆಚ್ಚು, ಚಳಿಗಾಲದಲ್ಲಿ ಕಡಿಮೆ. ಎತ್ತರದ ಹಡಗಿನವರು 24 ಗಂಟೆ ಮುಂಚೆ ತಿಳಿಸಿದರೆ ಸಾಕು, ಶುಲ್ಕವಿಲ್ಲದೆ ಎತ್ತಿಕೊಡುತ್ತಾರೆ. ರಸ್ತೆಯ ಸಂಚಾರ ಎಷ್ಟೇ ಇರಲಿ, ಹಡಗಿಗೇ ಮೊದಲ ಹಕ್ಕು. ಪ್ರತಿ ಬದಿಯ ರೆಕ್ಕೆಯೂ ಸಾವಿರ ಟನ್‌ಗಿಂತ ಭಾರ. 1894ರಲ್ಲಿ ತೆರೆದಾಗ ಉಗಿಯಿಂದ ಒತ್ತಡ ತುಂಬಿದ ನೀರು ಅದನ್ನು ಎತ್ತುತ್ತಿತ್ತು; 1976ರಿಂದ ವಿದ್ಯುತ್ತು ಮತ್ತು ಎಣ್ಣೆ. 1952ರ ಡಿಸೆಂಬರ್‌ನ ಒಂದು ರಾತ್ರಿ ಆಲ್ಬರ್ಟ್ ಗಂಟರ್ ಎಂಬ ಚಾಲಕ 78ನೇ ನಂಬರಿನ ಎರಡಂತಸ್ತಿನ ಬಸ್ಸನ್ನು ಓಡಿಸುತ್ತಿರುವಾಗಲೇ ರೆಕ್ಕೆ ಏಳತೊಡಗಿತು. ನಿಲ್ಲಿಸಿದರೆ ಹೊಳೆಗೆ ಬೀಳುವುದು ಖಚಿತವೆಂದು ತಿಳಿದು ಅವನು ವೇಗ ಹೆಚ್ಚಿಸಿ ಬಸ್ಸನ್ನು ಆಚೆಬದಿಗೆ ಹಾರಿಸಿದ. ಯಾರ ಪ್ರಾಣವೂ ಹೋಗಲಿಲ್ಲ. ಬಹುಮಾನವಾಗಿ ಸಿಕ್ಕಿದ್ದು 10 ಪೌಂಡ್.

ಏಳುವುದನ್ನು ನೋಡಲು ಎರಡು ಜಾಗಗಳಿವೆ. ಸೇತುವೆಯ ಮೇಲೆಯೇ, ಅಡ್ಡಗಂಬಿಯ ಹಿಂದೆ ನಿಂತರೆ ಡಾಂಬರು ರಸ್ತೆ, ಬಿಳಿಗೆರೆ ಸಮೇತ ಕಣ್ಣೆದುರಿಗೇ ಗೋಡೆಯಾಗಿ ಎದ್ದು ನಿಲ್ಲುತ್ತದೆ. ಮಕ್ಕಳಿದ್ದರೆ ಇಲ್ಲೇ ನಿಲ್ಲಿ. ಪೂರ್ತಿ ನೋಟ ಬೇಕಾದವರು ದಕ್ಷಿಣ ದಡದಲ್ಲಿ, ಸೇತುವೆಯ ಪಶ್ಚಿಮಕ್ಕಿರುವ ಹುಲ್ಲುಹಾಸಿನ ಕಡೆಯಿಂದ ನೋಡಲಿ, ಇಳಿಬಿಸಿಲು ಬೀಳುವ ಬದಿ ಅದು. ಹೇಳಿದ ಸಮಯಕ್ಕಿಂತ ಹತ್ತು ನಿಮಿಷ ಮುಂಚೆ ಅಲ್ಲಿರಿ.

ಮರಳುವಾಗ ಸುರಂಗ ರೈಲು ಬೇಡ, ಟವರ್ ಪಿಯರ್‌ನಿಂದ ವೆಸ್ಟ್‌ಮಿನ್‌ಸ್ಟರ್‌ಗೆ ದೋಣಿ ಹಿಡಿಯಿರಿ. ಬ್ಯಾಂಕ್ ಕಾರ್ಡ್ ತಾಗಿಸಿದರೆ ಸಾಕು. ಹಿಂಭಾಗದ ತೆರೆದ ಜಾಗದಲ್ಲಿ ನಿಲ್ಲಿ, ಸ್ವೆಟರ್ ಕೈಯಲ್ಲಿರಲಿ. ದಾಟಿದ ಸೇತುವೆಗಳಲ್ಲಿ ಬಹುಪಾಲು ಈಗ ಹೊಟ್ಟೆ ತೋರಿಸುತ್ತ ತಲೆಯ ಮೇಲಿನಿಂದ ಸರಿಯುತ್ತವೆ. ಬ್ಲ್ಯಾಕ್‌ಫ್ರೈಯರ್ಸ್ ಹತ್ತಿರವಾಗುವಾಗ ಮುಂದೆ ಕಡಲಹಕ್ಕಿಗಳು, ದಾಟಿದ ಕೂಡಲೇ ಹಿಂದಿರುಗಿ ನೋಡಿದರೆ ಸಿಹಿನೀರಿನವು. ಆಮೇಲೆ ಬಲಗಡೆಯ ದಂಡೆಗೋಡೆಯಲ್ಲಿ ಸಿಂಹದ ತಲೆಗಳು ಕಾಣುತ್ತವೆ, ನೀರು ಅವುಗಳ ಬಾಯಿಗಿಂತ ಎಷ್ಟು ಕೆಳಗಿದೆ ಎಂದು ಅಳೆದುಕೊಳ್ಳಬಹುದು. ಕೊನೆಯ ದೋಣಿಯ ಹೊತ್ತು ವಾರದ ದಿನಕ್ಕೊಂದು, ವಾರಾಂತ್ಯಕ್ಕೊಂದು. ಟವರ್ ಬ್ರಿಡ್ಜ್‌ಗೆ ಹೋಗುವ ಮೊದಲೇ ಪಿಯರ್‌ನ ಫಲಕದಲ್ಲಿ ನೋಡಿಟ್ಟುಕೊಳ್ಳಿ.